ಬೇಸಿಗೆಯ ರಿಸರ್ಚ್‌ಗೆ ಬಾಗಿಲು ಮುಚ್ಚೋದು ಚಳಿಗಾಲದಲ್ಲಿ

2020ರ ಆರಂಭದಲ್ಲಿ ನಮ್ಮದೇ ಜಿಲ್ಲೆಯ ಶರಾವತಿ ಹಿನ್ನೀರಿನ ಮೇಲೆ ಒಂದು ಆಂಟೆನಾ ತೇಲುತ್ತಿತ್ತು. ಹೆಸರು ಸರಸ್-3. ವಿಶ್ವದ ಮೊದಲ ನಕ್ಷತ್ರಗಳು ಹುಟ್ಟಿದ ಕಾಲದ ಕ್ಷೀಣ ರೇಡಿಯೊ ಸಂಕೇತ ಹುಡುಕಲು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಅದನ್ನು ಇಲ್ಲಿಗೆ ತಂದಿತ್ತು. ಅಂಥ ಸಂಕೇತ ಸಿಕ್ಕಿದೆ ಅಂತ ಅಮೆರಿಕದ ತಂಡವೊಂದು 2018ರಲ್ಲಿ ಹೇಳಿತ್ತು. 2022ರಲ್ಲಿ ‘ನೇಚರ್ ಆಸ್ಟ್ರಾನಮಿ’ಯಲ್ಲಿ ಬಂದ ಸರಸ್ ಫಲಿತಾಂಶ ಆ ವಾದವನ್ನು ಒಪ್ಪಲಿಲ್ಲ.

ಇದೇ ಸಂಸ್ಥೆ ಪದವಿ ವಿದ್ಯಾರ್ಥಿಗಳನ್ನೂ ಕೆಲಸಕ್ಕೆ ಸೇರಿಸಿಕೊಳ್ಳುತ್ತೆ. ಆದರೆ ಉಡುತಡಿಯಿಂದಲೋ ಸೊರಬದಿಂದಲೋ ಬಸ್ ಹತ್ತಿ ಬಿಎಸ್ಸಿ ಓದುವವರಿಗೆ ಈ ಸುದ್ದಿ ತಲುಪಿಸೋರು ಯಾರು? ನಾನು ಇಂಜಿನಿಯರಿಂಗ್ ಓದುವಾಗ ಇಂಥದ್ದೊಂದು ಇದೆ ಅಂತ ತಿಳಿದದ್ದೇ ಕೊನೆಯ ಸೆಮಿಸ್ಟರ್‌ನಲ್ಲಿ. ನೋಟಿಸ್ ಬೋರ್ಡ್‌ನಲ್ಲಿದ್ದದ್ದು ಕ್ಯಾಂಪಸ್ ಸಂದರ್ಶನದ ಪಟ್ಟಿ ಮಾತ್ರ.

ಏನೇನಿದೆ?

ಮೊದಲನೆಯದು ಮೂರು ವಿಜ್ಞಾನ ಅಕಾಡೆಮಿಗಳು (ಬೆಂಗಳೂರು, ದೆಹಲಿ, ಪ್ರಯಾಗ್‌ರಾಜ್) ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್. ಆಯ್ಕೆಯಾದರೆ ದೇಶದ ಯಾವುದಾದರೂ ಸಂಸ್ಥೆಯಲ್ಲಿ ಒಬ್ಬ ವಿಜ್ಞಾನಿಯ ಜೊತೆ ಎರಡು ತಿಂಗಳು ಕೆಲಸ, ಜೊತೆಗೆ ಶಿಷ್ಯವೇತನ.

ರಾಮನ್ ಸಂಸ್ಥೆಯ ವಿಸಿಟಿಂಗ್ ಸ್ಟೂಡೆಂಟ್ ಕಾರ್ಯಕ್ರಮ ಬೇಸಿಗೆಗೆ ಮಾತ್ರ ಸೀಮಿತವಲ್ಲ. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ತನ್ನದೇ ಬೇಸಿಗೆ ಫೆಲೋಶಿಪ್ ಇದೆ. ಹೆಸರಘಟ್ಟ ಬಳಿಯ ಐಸಿಟಿಎಸ್‌ನಲ್ಲಿ ಎಸ್.ಎನ್. ಭಟ್ ಸ್ಮಾರಕ ಫೆಲೋಶಿಪ್ ಇದೆ. ಥಿಯರಿ ಇಷ್ಟವಿರುವವರಿಗೆ ಅದು ಸರಿ. ಭಾರತೀಯ ಖಭೌತ ಸಂಸ್ಥೆ ಬೇಸಿಗೆ ಶಾಲೆ ನಡೆಸುತ್ತೆ. ಕೊಡೈಕನಾಲ್‌ನ ವೀಕ್ಷಣಾಲಯ ಅದರದೇ. ಪದವಿಯ ಆರಂಭದ ವರ್ಷಗಳಲ್ಲಿರುವವರು ಮುಂಬೈನ ಹೋಮಿ ಭಾಭಾ ಕೇಂದ್ರದ ಎನ್‌ಐಯುಎಸ್ ನೋಡಿ. ಅರ್ಹತೆ, ದಿನಾಂಕ ವರ್ಷವರ್ಷವೂ ಬದಲಾಗುತ್ತೆ, ಆಯಾ ಸಂಸ್ಥೆಯ ವೆಬ್‌ಸೈಟೇ ಅಂತಿಮ.

ಲೆಕ್ಕ ತಪ್ಪೋದು ಇಲ್ಲೇ

2024–25ರಿಂದ ರಾಜ್ಯದಲ್ಲಿ ಪದವಿ ಮತ್ತೆ 3 ವರ್ಷಕ್ಕೆ ಬಂತು. ಅಂದರೆ ಪದವಿಯ ಮಧ್ಯೆ ಸಿಗೋದು ಎರಡೇ ಬೇಸಿಗೆ. ಮೊದಲನೆಯದು ಕಾಲೇಜು ಅರ್ಥವಾಗುವಷ್ಟರಲ್ಲಿ ಮುಗಿದಿರುತ್ತೆ. ಉಳಿಯೋದು 4ನೇ ಸೆಮಿಸ್ಟರ್ ನಂತರದ ಒಂದೇ ಬೇಸಿಗೆ. ಅದಕ್ಕೆ ಅಕಾಡೆಮಿಗಳ ಅರ್ಜಿ ಸಾಮಾನ್ಯವಾಗಿ ಹಿಂದಿನ ವರ್ಷದ ನವೆಂಬರ್ ಹೊತ್ತಿಗೇ ಮುಗಿಯುತ್ತೆ. ಆಗ ನೀವಿನ್ನೂ 3ನೇ ಸೆಮಿಸ್ಟರ್. ಏಪ್ರಿಲ್‌ನಲ್ಲಿ ವಿಚಾರಿಸೋಣ ಅಂದುಕೊಂಡವರು ಐದು ತಿಂಗಳು ತಡವಾಗಿರುತ್ತಾರೆ.

ಇನ್ನೊಂದು ತೊಡಕು ಪರೀಕ್ಷೆ. ಸಂಶೋಧನಾ ಸಂಸ್ಥೆಗಳ ಬೇಸಿಗೆ ಮೇ-ಜೂನ್‌ನಲ್ಲಿ; ರಾಜ್ಯ ವಿಶ್ವವಿದ್ಯಾಲಯಗಳ ಸೆಮಿಸ್ಟರ್ ಒಮ್ಮೊಮ್ಮೆ ಆಗಲೂ ನಡೀತಾ ಇರುತ್ತೆ. ಆಯ್ಕೆಯಾದ ಕೂಡಲೇ ಗೈಡ್‌ಗೆ ಮೇಲ್ ಬರೆದು ತಡವಾಗಿ ಸೇರಬಹುದಾ ಅಂತ ಕೇಳಿ. ಕೇಳೋದು ತಪ್ಪಲ್ಲ.

ಅರ್ಜಿಯಲ್ಲಿ ಏನಿರಬೇಕು?

‘ಚಿಕ್ಕಂದಿನಿಂದಲೂ ನಕ್ಷತ್ರ ಅಂದ್ರೆ ಇಷ್ಟ’ ಅಂತ ಸಾವಿರ ಜನ ಬರೀತಾರೆ. ನೀವು ಮಾಡಿದ್ದನ್ನು ಬರೆಯಿರಿ. ಲ್ಯಾಬ್‌ನಲ್ಲಿ ಡಯೋಡ್‌ನ ಕರೆಂಟ್-ವೋಲ್ಟೇಜ್ ಗ್ರಾಫ್ ಎಳೆದಿದ್ದೀರಲ್ಲ? ಅದೇ ಅಂಕಿಗಳನ್ನು ಪೈಥಾನ್‌ನಲ್ಲಿ ಹಾಕಿ, ಸೂತ್ರಕ್ಕೆ ಎಲ್ಲಿ ಹೊಂದಲಿಲ್ಲ, ಯಾಕೆ ಅಂತ ನಾಲ್ಕು ಸಾಲು ಬರೆಯಿರಿ. ಶಿಫಾರಸು ಪತ್ರಕ್ಕೆ ಮೇಷ್ಟ್ರನ್ನು ಕೊನೇ ದಿನ ಹಿಡಿಯಬೇಡಿ. ಮೂರು ವಾರ ಮೊದಲೇ ಅಂಕಪಟ್ಟಿ, ಆ ಬರಹ ಎರಡನ್ನೂ ಅವರ ಕೈಗೆ ಕೊಡಿ.

ದುಡ್ಡು ಕಟ್ಟಿಸಿಕೊಂಡು ಆನ್‌ಲೈನ್ ‘ರಿಸರ್ಚ್ ಇಂಟರ್ನ್‌ಶಿಪ್’ ಸರ್ಟಿಫಿಕೇಟ್ ಕೊಡುವವರಿಂದ ದೂರ ಇರಿ. ಮೇಲೆ ಹೇಳಿದ ಫೆಲೋಶಿಪ್‌ಗಳಲ್ಲಿ ದುಡ್ಡು ವಿದ್ಯಾರ್ಥಿಯ ಕಡೆಗೆ ಬರುತ್ತೆ, ವಿದ್ಯಾರ್ಥಿಯಿಂದ ಹೋಗಲ್ಲ.

ಮನೆಯವರು ಒಪ್ಪಬೇಕಲ್ಲ?

ಹೆಣ್ಣುಮಕ್ಕಳಿಗೆ ಈ ಪ್ರಶ್ನೆ ಮೊದಲು ಬರುತ್ತೆ. ಶಕ್ತಿ ಯೋಜನೆ ಬಂದ ಜೂನ್ 2023ರಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಬೆಂಗಳೂರಿನವರೆಗೆ ಟಿಕೆಟ್ ದುಡ್ಡಿಲ್ಲ. ಕಷ್ಟ ಇರೋದು ಎರಡು ತಿಂಗಳು ಎಲ್ಲಿ ಉಳಿಯೋದು ಅನ್ನೋದರಲ್ಲಿ. ಹಾಸ್ಟೆಲ್ ಕೊಡ್ತೀರಾ, ಶಿಷ್ಯವೇತನ ಯಾವಾಗ ಕೈಗೆ ಬರುತ್ತೆ ಅಂತ ಮೊದಲೇ ಕೇಳಿ, ಬಂದ ಉತ್ತರವನ್ನು ಮನೆಯಲ್ಲಿ ತೋರಿಸಿ. ಅಕ್ಕಮಹಾದೇವಿಯ ಊರಿನವರಿಗೆ ತನ್ನ ಹುಡುಕಾಟಕ್ಕೆ ಮನೆ ಬಿಟ್ಟು ಹೊರಟ ಹೆಣ್ಣಿನ ಕತೆ ಹೊಸದಲ್ಲ.

ಇದೆಲ್ಲ ವಿದ್ಯಾರ್ಥಿಯೊಬ್ಬರೇ ಹೊರುವ ಹೊರೆಯೂ ಆಗಬಾರದು. ಕುವೆಂಪು ವಿಶ್ವವಿದ್ಯಾಲಯ ತನ್ನ ವೇಳಾಪಟ್ಟಿ ಮಾಡುವಾಗ ಈ ಎರಡು ತಿಂಗಳನ್ನು ಲೆಕ್ಕಕ್ಕೆ ಹಿಡಿಯಲಿ. ಪ್ರತಿ ಕಾಲೇಜು ಸೆಪ್ಟೆಂಬರ್‌ನಲ್ಲೇ ಒಬ್ಬ ಅಧ್ಯಾಪಕರಿಗೆ ಈ ಜವಾಬ್ದಾರಿ ವಹಿಸಲಿ. ಖರ್ಚು ಒಂದು ಎ4 ಹಾಳೆ, ನಾಲ್ಕು ಪಿನ್ನು. ಕಾಲೇಜು ಹಚ್ಚದಿದ್ದರೆ, ಈ ಸೆಪ್ಟೆಂಬರ್‌ನಲ್ಲಿ ನೀವೇ ಹಚ್ಚಿ.