ಅಪೂರ್ಣ ಕಮಾನುಗಳು ಕಲಿಸುವ ಪಾಠ

ಅಹಂಕಾರವು ಮಾನವ ಇತಿಹಾಸಕ್ಕಿಂತಲೂ ಹಳೆಯ ರೋಗ. ಆದಮರಿಗೆ(ಅ) ಸಾಷ್ಟಾಂಗವೆರಗಬೇಕೆಂದು ಅಲ್ಲಾಹನು ಆಜ್ಞಾಪಿಸಿದಾಗ ಇಬ್ಲೀಸನು ನಿರಾಕರಿಸಿದನು. ತಾನು ಬೆಂಕಿಯಿಂದ ಸೃಷ್ಟಿಯಾದವನು, ಆದಮರು ಮಣ್ಣಿನಿಂದ ಸೃಷ್ಟಿಯಾದವರು, ಆದ್ದರಿಂದ ತಾನೇ ಶ್ರೇಷ್ಠನೆಂಬುದು ಅವನ ವಾದವಾಗಿತ್ತು. ಅವನು ಅಲ್ಲಾಹನ ಅಸ್ತಿತ್ವವನ್ನು ಅಲ್ಲಗಳೆದಿರಲಿಲ್ಲ. ಇನ್ನೊಬ್ಬರೊಡನೆ ತನ್ನನ್ನು ಹೋಲಿಸಿಕೊಂಡು ತಾನೇ ಮೇಲೆಂದು ಬಗೆದುದು ಅವನನ್ನು ಕೆಡವಿತು.

ಈ ಪಾಠವನ್ನು ಕಲಿಯಲು ವಿಜಯಪುರದವರು ದೂರ ಹೋಗಬೇಕಾಗಿಲ್ಲ. ಜೋರಾಪುರ ಪೇಟೆಯಂತಹ ಹಳೆಯ ಪೇಟೆಗಳಿಂದ ಹೊರಟು ನಗರದಲ್ಲಿ ಸುತ್ತಿದರೆ ಆದಿಲ್ ಶಾಹಿ ಕಾಲದ ಕಲ್ಲುಗಳೇ ಬೋಧಕರಾಗುತ್ತವೆ. 1656ರಲ್ಲಿ ನಿಧನರಾದ ಸುಲ್ತಾನ್ ಮುಹಮ್ಮದ್ ಆದಿಲ್ ಶಾಹರು ಗೋಲ್ ಗುಂಬಜ್‌ನಲ್ಲಿ ಮಲಗಿದ್ದಾರೆ. ಅದರ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಆಧಾರಕ್ಕೆ ನಡುವೆ ಒಂದು ಕಂಬವೂ ಇಲ್ಲ. ಆದರೆ ಗುಮ್ಮಟದಡಿಯಲ್ಲಿ ನಮಗೆ ಕಾಣುವುದು ಸಮಾಧಿಯ ಪ್ರತಿರೂಪ ಮಾತ್ರ. ನಿಜವಾದ ಕಬರ್ ಅದರ ಕೆಳಗಿನ ನೆಲಮಾಳಿಗೆಯಲ್ಲಿದೆ. ಮೇಲಿನ ಕಟ್ಟಡ ಎಷ್ಟೇ ವಿಶಾಲವಾಗಿರಲಿ, ಮನುಷ್ಯನ ಪಾಲಿಗೆ ಉಳಿಯುವುದು ಅಷ್ಟೇ ಮಣ್ಣು.

ಅವರ ನಂತರ ಪಟ್ಟವೇರಿದ ಎರಡನೆಯ ಅಲಿ ಆದಿಲ್ ಶಾಹರು ತಮಗಾಗಿ ಇನ್ನೂ ಭವ್ಯವಾದ ಸಮಾಧಿಯನ್ನು ಕಟ್ಟಿಸತೊಡಗಿದರು. ಅದು ಪೂರ್ಣಗೊಂಡಿದ್ದರೆ ಅದರ ನೆರಳು ಗೋಲ್ ಗುಂಬಜ್‌ನ ಮೇಲೆ ಬೀಳುತ್ತಿತ್ತೆಂದು ಊರಿನ ಜನ ಇಂದಿಗೂ ಹೇಳುತ್ತಾರೆ. 1672ರಲ್ಲಿ ಸುಲ್ತಾನರು ತೀರಿಕೊಂಡರು. ಕಟ್ಟಡ ಅಲ್ಲಿಗೇ ನಿಂತಿತು. ಛಾವಣಿಯಿಲ್ಲದ ಕಪ್ಪುಕಲ್ಲಿನ ಕಮಾನುಗಳ ನಡುವೆ, ತೆರೆದ ಆಕಾಶದಡಿ ಅವರ ಕಬರ್ ಇದೆ. ಅದನ್ನೇ ನಾವು ಬಾರಾ ಕಮಾನ್ ಎನ್ನುತ್ತೇವೆ. ಅವರ ನಂತರ ಬಾಲಕ ಸಿಕಂದರ್ ಸಿಂಹಾಸನವೇರಿದರು. ಕೇವಲ 14 ವರ್ಷಗಳಲ್ಲಿ, 1686ರಲ್ಲಿ, ರಾಜ್ಯವೇ ಇಲ್ಲವಾಯಿತು.

ಗೆದ್ದವರು ಔರಂಗಜೇಬರು. ಮಲಿಕ್-ಎ-ಮೈದಾನ್ ತೋಪಿನ ಮೇಲೆ ಅವರು ತಮ್ಮ ವಿಜಯವನ್ನು ಕೆತ್ತಿಸಿದರು. ಆ ತೋಪನ್ನು 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದಿದ್ದರು. 1707ರಲ್ಲಿ ಅದೇ ಅಹಮದ್‌ನಗರದಲ್ಲಿ ಚಕ್ರವರ್ತಿಯೂ ಕೊನೆಯುಸಿರೆಳೆದರು. ಖುಲ್ದಾಬಾದ್‌ನಲ್ಲಿ ಗುಮ್ಮಟವಿಲ್ಲದ, ಆಕಾಶಕ್ಕೆ ತೆರೆದ ಸರಳ ಕಬರ್‌ನಲ್ಲಿ ಅವರನ್ನು ದಫನ ಮಾಡಲಾಯಿತು. ಸೋತವರ ವಂಶವೂ ಉಳಿಯಲಿಲ್ಲ, ಗೆದ್ದವರ ಸಾಮ್ರಾಜ್ಯವೂ ಉಳಿಯಲಿಲ್ಲ.

ಹಾಗಾದರೆ ಸುಂದರವಾದುದನ್ನು ಕಟ್ಟುವುದೇ ತಪ್ಪೇ? ಅಲ್ಲ. ಹೃದಯದಲ್ಲಿ ಅಣುವಿನಷ್ಟು ಅಹಂಕಾರವಿರುವವನು ಸ್ವರ್ಗವನ್ನು ಪ್ರವೇಶಿಸಲಾರನೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದಾಗ, ಒಬ್ಬರು ಒಳ್ಳೆಯ ಬಟ್ಟೆ, ಒಳ್ಳೆಯ ಪಾದರಕ್ಷೆಗಳನ್ನು ಇಷ್ಟಪಡುವವರ ಕುರಿತು ವಿಚಾರಿಸಿದರು. ಅಲ್ಲಾಹನು ಸುಂದರನು, ಸೌಂದರ್ಯವನ್ನು ಮೆಚ್ಚುವವನು ಎಂದು ಪ್ರವಾದಿವರ್ಯರು(ಸ) ತಿಳಿಸಿದರು. ಸತ್ಯವನ್ನು ತಿರಸ್ಕರಿಸುವುದು ಮತ್ತು ಜನರನ್ನು ಕೀಳಾಗಿ ಕಾಣುವುದೇ ಅಹಂಕಾರವೆಂದು ವಿವರಿಸಿದರು. ಆದ್ದರಿಂದ ಸುಲ್ತಾನರ ಅಂತರಂಗದ ಬಗ್ಗೆ ತೀರ್ಪು ನೀಡುವ ಅಧಿಕಾರ ನಮಗಿಲ್ಲ. ಅದನ್ನು ಬಲ್ಲವನು ಅಲ್ಲಾಹನೊಬ್ಬನೇ. ನಾವು ಪರೀಕ್ಷಿಸಬೇಕಾದುದು ನಮ್ಮ ಅಂತರಂಗವನ್ನು.

ಗುಮ್ಮಟ ಕಟ್ಟಿಸುವ ಶಕ್ತಿ ನಮಗಿಲ್ಲದಿರಬಹುದು. ಆದರೆ ನೆರೆಮನೆಗಿಂತ ಒಂದು ಮಹಡಿ ಹೆಚ್ಚಿರಲಿ, ಸಂಬಂಧಿಕರ ನಿಕಾಹ್‌ಗಿಂತ ನಮ್ಮ ಮನೆಯ ನಿಕಾಹ್ ದೊಡ್ಡದಾಗಿರಲಿ ಎಂಬ ಆಸೆ ನಮ್ಮೊಳಗಿಲ್ಲವೇ? ಸಾಲ ಮಾಡಿಯಾದರೂ ಮೆರೆಯುವ ಹಠ ಎಷ್ಟು ಕುಟುಂಬಗಳ ನೆಮ್ಮದಿಯನ್ನು ಕಸಿದಿಲ್ಲ? ತನ್ನ ವಿದ್ಯೆಯ ಬಗ್ಗೆ, ಮನೆತನದ ಬಗ್ಗೆ, ಕೊನೆಗೆ ತನ್ನ ನಮಾಝ್‌ನ ಬಗ್ಗೆಯೂ ಬೀಗುವವರಿದ್ದಾರೆ. ಆರಾಧನೆಯ ವೇಷ ತೊಟ್ಟ ಅಹಂಕಾರ ಎಲ್ಲಕ್ಕಿಂತ ಅಪಾಯಕಾರಿ. ಏಕೆಂದರೆ ಅದನ್ನು ಪಾಪವೆಂದು ಮನಸ್ಸು ಗುರುತಿಸುವುದೇ ಇಲ್ಲ.

ಇದಕ್ಕೆ ಔಷಧವೂ ನಮ್ಮ ನಗರದಲ್ಲೇ ಇದೆ. ಒಂದನೆಯ ಅಲಿ ಆದಿಲ್ ಶಾಹರು ಆರಂಭಿಸಿದ ಜಾಮಿಯಾ ಮಸೀದಿಯ ನೆಲದ ಮೇಲೆ ನಮಾಝಿಗಳಿಗಾಗಿ ಸುಮಾರು 2,250 ಸ್ಥಳಗಳನ್ನು ಗುರುತಿಸಲಾಗಿದೆ. ಅಲ್ಲಿ ಶ್ರೀಮಂತನಿಗೆ ಅಗಲವಾದ ಚೌಕವಿಲ್ಲ, ಕೂಲಿಕಾರನಿಗೆ ಕಿರಿದಾದ ಚೌಕವಿಲ್ಲ. ಸಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತವರೆಲ್ಲರ ಹಣೆಯೂ ಒಂದೇ ಮಟ್ಟದಲ್ಲಿ ನೆಲ ಮುಟ್ಟುತ್ತದೆ. ಇಬ್ಲೀಸನು ನಿರಾಕರಿಸಿದ ಸುಜೂದನ್ನು ನಾವು ದಿನಕ್ಕೆ ಐದು ಹೊತ್ತು ಅಲ್ಲಾಹನ ಮುಂದೆ ಸಲ್ಲಿಸುತ್ತೇವೆ. ಮಸೀದಿಯಿಂದ ಹೊರಬಂದ ಮೇಲೂ ಆ ಸಮಾನತೆಯ ಅರಿವು ನಮ್ಮ ಮಾತಿನಲ್ಲಿ, ವ್ಯವಹಾರದಲ್ಲಿ ಉಳಿದರೆ ಆ ಸುಜೂದ್ ಸಾರ್ಥಕ.

ಅಲ್ಲಾಹನು ನಮ್ಮೆಲ್ಲರ ಹೃದಯಗಳನ್ನು ಅಹಂಕಾರದಿಂದ ಶುದ್ಧೀಕರಿಸಿ, ವಿನಯವಂತರಾದ ತನ್ನ ದಾಸರ ಸಾಲಿನಲ್ಲಿ ಸೇರಿಸಲಿ. ಆಮೀನ್.