ಮೋಟಾರ್ ಆಮೇಲೆ, ಬ್ರೇಕ್ ಮೊದಲು

ಹಳೆಯ ಪೆಟ್ರೋಲ್ ಕಾರಿನ ಎಂಜಿನ್ ಇಳಿಸಿ ಅಲ್ಲಿ ವಿದ್ಯುತ್ ಮೋಟಾರ್ ಕೂರಿಸುವ ಮಾತು ಬಂದರೆ ಮೊದಲ ಪ್ರಶ್ನೆ, ಒಂದು ಚಾರ್ಜಿಗೆ ಎಷ್ಟು ಕಿಲೋಮೀಟರ್ ಓಡುತ್ತದೆ ಅನ್ನುವುದು. ಎರಡನೆಯದು, ಎಷ್ಟು ಖರ್ಚು. ಸರಿಯಾಗಿ ನಿಲ್ಲುತ್ತದೆಯೇ ಎಂದು ಕೇಳುವವರು ಅಪರೂಪ. ಈ ಕಸುಬಿನ ಐವತ್ತು ಅರವತ್ತು ವರ್ಷಗಳ ಚರಿತ್ರೆಯೇ ಹಾಗಿದೆ: ಮೊದಲು ಮೋಟಾರು, ಆಮೇಲೆ ಬ್ಯಾಟರಿ, ಕಟ್ಟಕಡೆಗೆ ಬ್ರೇಕು. ಕೆಲಸಕ್ಕೆ ಕೈ ಹಾಕುವವರು ಈ ಸರದಿಯನ್ನು ತಿರುವುಮುರುವು ಮಾಡಿಕೊಳ್ಳಬೇಕು ಎಂಬುದು ನನ್ನ ವಾದ.

ನಂಜನಗೂಡು, ತಿ. ನರಸೀಪುರದ ಕಡೆ ಇಂಥ ಕೆಲಸದ ಆಸೆ ಹುಟ್ಟುವುದರಲ್ಲಿ ಆಶ್ಚರ್ಯವಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕುಗಳನ್ನು ಮಾಡಿತು. ಬಿಚ್ಚಿ ಜೋಡಿಸುವ ಕೈಗಳನ್ನೂ ಸುತ್ತಲಿನ ಊರುಗಳಲ್ಲಿ ಬೆಳೆಸಿತು. ಮೈಸೂರಿನಿಂದ ನಂಜನಗೂಡಿಗೆ ಹೋಗುವ ದಾರಿಯಲ್ಲಿ ಕಡಕೊಳದ ಹತ್ತಿರ ಟಿವಿಎಸ್ ಕಾರ್ಖಾನೆ ಇದೆ. ನಂಜನಗೂಡು ಕೈಗಾರಿಕಾ ಪ್ರದೇಶದಲ್ಲಿ ಆಸ್ಟ್ರಿಯಾ ಮೂಲದ ಎಟಿ ಅಂಡ್ ಎಸ್ ಸರ್ಕ್ಯೂಟ್ ಬೋರ್ಡ್ ತಯಾರಿಸುತ್ತದೆ. ಹೂಟಗಳ್ಳಿಯ ಆಟೊಮೋಟಿವ್ ಆಕ್ಸಲ್ಸ್ 1981ರಲ್ಲಿ ಶುರುವಾದ ಕಂಪನಿ, ಲಾರಿ ಬಸ್ಸುಗಳ ಆಕ್ಸಲ್ ಮತ್ತು ಬ್ರೇಕುಗಳೇ ಅದರ ಕಸುಬು. ಅಂದರೆ ಎಲೆಕ್ಟ್ರಾನಿಕ್ಸ್, ಆಕ್ಸಲ್, ಬ್ರೇಕ್ ಮೂರನ್ನೂ ಬಲ್ಲವರು ಹತ್ತಿರದಲ್ಲೇ ಇದ್ದಾರೆ. ಸಾಮಾನು ಬೇಕಾದರೆ ಬೆಂಗಳೂರಿನ ಜೆ.ಸಿ. ರಸ್ತೆ, ಎಸ್.ಪಿ. ರಸ್ತೆ, ಶಿವಾಜಿನಗರದ ಗುಜರಿ.

ಹೊರಗಿನ ಚರಿತ್ರೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1967ರಲ್ಲೇ ಮನೆಯಲ್ಲಿ ವಿದ್ಯುತ್ ಕಾರು ಕಟ್ಟುವವರ ಸಂಘವೊಂದು ಹುಟ್ಟಿತು. 1973ರ ತೈಲ ಬಿಕ್ಕಟ್ಟಿನ ನಂತರ ಆ ಹುಚ್ಚು ಹರಡಿತು. ಅವರ ಮೋಟಾರುಗಳು ಹಳೆಯ ವಿಮಾನಗಳ ಸ್ಟಾರ್ಟರ್ ಜನರೇಟರುಗಳು, ಫೋರ್ಕ್‌ಲಿಫ್ಟ್ ಮೋಟಾರುಗಳು. ಎಲ್ಲವೂ ಡಿಸಿ, ಬ್ರಶ್ ಇರುವಂಥವು. ನಮ್ಮ ಪಕ್ಕದ ನೇಪಾಳದಲ್ಲಿ 1993ರಲ್ಲಿ ಹೊಗೆ ಉಗುಳುತ್ತಿದ್ದ ವಿಕ್ರಮ್ ಡೀಸೆಲ್ ಟೆಂಪೋ ಒಂದನ್ನು ಬಿಚ್ಚಿ ವಿದ್ಯುತ್ತಿಗೆ ಬದಲಾಯಿಸಿದರು. ಅದೇ ಮುಂದೆ ಕಠ್ಮಂಡುವಿನ ಬೀದಿಗಳಲ್ಲಿ ‘ಸಫಾ ಟೆಂಪೋ’ ಆಯಿತು. ಅದೇ ವರ್ಷ ದೆಹಲಿಯ ವಾಹನ ಮೇಳದಲ್ಲಿ ಎಡ್ಡಿ ಕರೆಂಟ್ ಕಂಟ್ರೋಲ್ಸ್‌ನವರ ‘ಲವ್‌ಬರ್ಡ್’ ಎಂಬ ವಿದ್ಯುತ್ ಕಾರು ಕಾಣಿಸಿಕೊಂಡಿತು. ಬೆರಳೆಣಿಕೆಯಷ್ಟು ಮಾರಾಟವಾಗಿ ಮರೆಗೆ ಸರಿಯಿತು.

ಕನ್ನಡ ನಾಡಿನ ಮಟ್ಟಿಗೆ ಕಥೆ ನಿಜವಾಗಿ ತೊಡಗುವುದು ರೇವಾ ಎಂಬ ವಿದ್ಯುತ್ ಕಾರಿನಿಂದ. ಬೆಂಗಳೂರಿನ ಮೈನಿ ಸಮೂಹ ಮತ್ತು ಕ್ಯಾಲಿಫೋರ್ನಿಯಾದ ಅಮೆರಿಗಾನ್ ಸೇರಿ 1994ರಲ್ಲಿ ಕಂಪನಿ ಕಟ್ಟಿದವು. ಚೇತನ್ ಮೈನಿ ಅದರ ಮುಂದಾಳು. 2001ರಲ್ಲಿ ಕಾರು ರಸ್ತೆಗೆ ಬಂತು. ಆರು ವೋಲ್ಟಿನ ಎಂಟು ಲೆಡ್ ಆಸಿಡ್ ಬ್ಯಾಟರಿ, ಒಟ್ಟು 48 ವೋಲ್ಟ್. ಗಂಟೆಗೆ ಸುಮಾರು 65 ಕಿ.ಮೀ. ವೇಗ, ಒಂದು ಚಾರ್ಜಿಗೆ 80 ಕಿ.ಮೀ. ಓಟ. ಮನೆಯಲ್ಲಿ ಕಟ್ಟುವವರು ರೇವಾದಿಂದ ಕಲಿಯಬೇಕಾದದ್ದು ಈ ಅಂಕಿಗಳಿಗಿಂತ ಅದು ಹೇಗೆ ಮಾರ್ಪಟ್ಟಿತು ಎಂಬುದನ್ನು. ಮೊದಲಿನ ಕಾರಿನಲ್ಲಿ ಡಿಸಿ ಮೋಟಾರು, ಡ್ರಮ್ ಬ್ರೇಕು. ಕೆಲವು ವರ್ಷಗಳ ನಂತರದ ರೇವಾ-ಐ ಮಾದರಿಗೆ ಎಸಿ ಇಂಡಕ್ಷನ್ ಮೋಟಾರು ಬಂತು, ವೇಗ 80ಕ್ಕೆ ಏರಿತು, ಅದರ ಜೊತೆಗೇ ಮುಂದಿನ ಗಾಲಿಗಳಿಗೆ ಡಿಸ್ಕ್ ಬ್ರೇಕ್ ಬಂತು. ಮೋಟಾರ್ ಬದಲಾದಾಗ ಬ್ರೇಕನ್ನೂ ಬದಲಾಯಿಸಬೇಕೆಂಬ ಬುದ್ಧಿ ಒಂದು ಕಂಪನಿಗೆ ಇತ್ತು. 2010ರಲ್ಲಿ ಮಹೀಂದ್ರ ಅದನ್ನು ಕೊಂಡಿತು, 2013ರಲ್ಲಿ ಇ2ಒ ಕಾರು ಹೊರಬಂತು.

ಈಗ ಮೋಟಾರಿನಿಂದ ಗಾಲಿಯವರೆಗಿನ ಸಾಮಾನಿಗೆ ಬರೋಣ. ಇಲ್ಲಿ ಎರಡು ಪಂಥಗಳಿವೆ. ಹಳೆಯ ಗೇರ್ ಬಾಕ್ಸ್ ಉಳಿಸಿಕೊಂಡು ಎಂಜಿನ್ ಇದ್ದ ಜಾಗಕ್ಕೆ ಮೋಟಾರ್ ಕಚ್ಚಿಸುವುದು ಒಂದು. ಗೇರ್ ಬಾಕ್ಸನ್ನೂ ಕಿತ್ತುಹಾಕಿ ಮೋಟಾರನ್ನು ನೇರವಾಗಿ ಡಿಫರೆನ್ಷಿಯಲ್‌ಗೆ ಜೋಡಿಸುವುದು ಇನ್ನೊಂದು. ಎರಡನೆಯದು ನೋಡುವುದಕ್ಕೆ ಚೊಕ್ಕ, ಮಾರುತಿ ಓಮ್ನಿಯಂಥ ಹಿಂದಿನ ಗಾಲಿ ಎಳೆಯುವ ವ್ಯಾನಿನಲ್ಲಿ ಸುಲಭವೂ ಹೌದು. ಆದರೆ ಲೆಕ್ಕ ಹಾಕಿ ನೋಡಿ. ಸಾವಿರ ಕಿಲೋ ತೂಗುವ ಕಾರು ನೂರು ಮೀಟರಿಗೆ 12 ಮೀಟರ್ ಏರುವ ದಾರಿ ಹತ್ತಬೇಕಾದರೆ ಟೈರಿನ ಉಜ್ಜುವಿಕೆಯೂ ಸೇರಿ ಸುಮಾರು 1,300 ನ್ಯೂಟನ್ ಎಳೆತ ಬೇಕು. 12 ಇಂಚಿನ ಸಣ್ಣ ಗಾಲಿಯಲ್ಲಿ ಅದು ಹತ್ತಿರ ಹತ್ತಿರ 340 ನ್ಯೂಟನ್ ಮೀಟರ್ ಟಾರ್ಕ್. ಡಿಫರೆನ್ಷಿಯಲ್ ಒಂದೇ ಇದ್ದು ಅದರ ಅನುಪಾತ ನಾಲ್ಕಾದರೆ ಮೋಟಾರು 85 ನ್ಯೂಟನ್ ಮೀಟರ್ ಕೊಡಬೇಕು. ಎರಡನೇ ಗೇರೂ ನಡುವೆ ಇದ್ದು ಒಟ್ಟು ಅನುಪಾತ ಒಂಬತ್ತಾದರೆ 38 ಸಾಕು. ಅಷ್ಟೇ ಗಾತ್ರದ ಕೆಲಸಕ್ಕೆ ಅರ್ಧಕ್ಕಿಂತ ಚಿಕ್ಕ ಮೋಟಾರು, ಅರ್ಧಕ್ಕಿಂತ ಕಡಿಮೆ ಕರೆಂಟು. ಹಳ್ಳಿ ಗ್ಯಾರೇಜಿನ ಬಜೆಟ್ಟಿಗೆ ಗೇರ್ ಬಾಕ್ಸ್ ಉಳಿಸಿಕೊಳ್ಳುವುದೇ ಜಾಣತನ. ಮುಕ್ಕಾಲುಪಾಲು ಓಡಾಟ ಎರಡನೇ, ಮೂರನೇ ಗೇರಿನಲ್ಲೇ ಮುಗಿದುಹೋಗುತ್ತದೆ.

ಗೇರ್ ಬಾಕ್ಸ್ ಉಳಿಸಿಕೊಂಡರೆ ಎದುರಾಗುವ ಕಷ್ಟ ಕಪ್ಲಿಂಗ್. ಕಂಪನಿಯ ಮೋಟಾರು, ಕಂಪನಿಯ ಗೇರ್ ಬಾಕ್ಸು, ನಡುವಿನ ತುಂಡು ಮಾತ್ರ ನಿಮ್ಮೂರಿನ ಲೇತಿನದು. ಹಳೆಯ ಕ್ಲಚ್ ಪ್ಲೇಟಿನ ನಡುವಿನ ಹಲ್ಲುಗಳಿರುವ ಹಬ್ ಭಾಗವನ್ನು ಕತ್ತರಿಸಿ ತೆಗೆದು, ಅದನ್ನು ಮೋಟಾರ್ ಶಾಫ್ಟಿಗೆ ಹೊಂದುವ ಉಕ್ಕಿನ ತುಂಡಿಗೆ ವೆಲ್ಡ್ ಮಾಡಿ, ಮತ್ತೆ ಲೇತಿಗೆ ಕಟ್ಟಿ ತಿರುವುವುದು ವಾಡಿಕೆ. ವೆಲ್ಡಿಂಗಿನ ಕಾವಿಗೆ ತುಂಡು ಸೊಟ್ಟಗಾಗುತ್ತದೆ. ಆದ್ದರಿಂದ ತಿರುವಿದ ಮೇಲೂ ಡಯಲ್ ಗೇಜ್ ಇಟ್ಟು ನೋಡಲೇಬೇಕು. ಮುಳ್ಳು ಒಂದು ಮಿಲಿಮೀಟರಿನ ನೂರರಲ್ಲಿ ಐದು ಭಾಗಕ್ಕಿಂತ ಹೆಚ್ಚು ಅಲುಗಾಡಿದರೆ ಬೇರಿಂಗ್ ಕೂಗತೊಡಗುತ್ತದೆ, ಸೀಲ್ ಸೋರುತ್ತದೆ. ಸೀರೀಸ್ ಡಿಸಿ ಮೋಟಾರಿನ ಜೊತೆ ಇದು ಇನ್ನೂ ಅಪಾಯ. ಭಾರವಿಲ್ಲದೆ ಬಿಟ್ಟರೆ ಆ ಮೋಟಾರಿಗೆ ವೇಗದ ಮಿತಿಯೇ ಇಲ್ಲ. ಓಡುವಾಗ ಕಪ್ಲಿಂಗ್ ಮುರಿದರೆ ಒಳಗಿನ ಕಮ್ಯುಟೇಟರ್ ಚೂರುಚೂರಾಗುವವರೆಗೆ ತಿರುಗಬಲ್ಲದು.

ಅದೇ ಮೋಟಾರಿಗೆ ಇನ್ನೊಂದು ಕೆಟ್ಟ ಚಾಳಿ. ಮೋಟಾರಿಗೆ ಕರೆಂಟನ್ನು ಅಳೆದು ಬಿಡುವ ಕಂಟ್ರೋಲರಿನ ಒಳಗಿನ ಟ್ರಾನ್ಸಿಸ್ಟರುಗಳು ಕೆಟ್ಟಾಗ ಸಾಮಾನ್ಯವಾಗಿ ಶಾರ್ಟ್ ಆಗುತ್ತವೆ, ಬ್ಯಾಟರಿಯ ಪೂರ್ತಿ ವೋಲ್ಟೇಜು ಮೋಟಾರಿಗೆ ನುಗ್ಗುತ್ತದೆ. ನೀವು ಪೆಡಲಿನಿಂದ ಕಾಲು ತೆಗೆದರೂ ಕಾರು ಮುನ್ನುಗ್ಗುತ್ತದೆ. ಆಗ ಉಳಿಯುವುದು ಕೈಗೆ ಸಿಗುವ ಜಾಗದಲ್ಲಿರುವ ಕಟ್-ಆಫ್ ಸ್ವಿಚ್ಚು ಮತ್ತು ಮೋಟಾರನ್ನು ಮೀರಿಸಿ ನಿಲ್ಲಿಸಬಲ್ಲ ಬ್ರೇಕು. ಎಸಿ ಮೋಟಾರಿನಲ್ಲಿ ಹೀಗಾಗುವುದಿಲ್ಲ. ಕಂಟ್ರೋಲರು ಕ್ರಮವಾಗಿ ಅಲೆಗಳನ್ನು ಕಳಿಸಿದರೆ ಮಾತ್ರ ಅದು ತಿರುಗುತ್ತದೆ, ಕೆಟ್ಟರೆ ನಿಂತುಬಿಡುತ್ತದೆ. ಪ್ರಪಂಚವೆಲ್ಲ ಡಿಸಿಯಿಂದ ಎಸಿಗೆ ದಾಟಿದ್ದಕ್ಕೆ ಬ್ರಶ್ ಸವೆಯುವುದನ್ನೇ ಕಾರಣವಾಗಿ ಹೇಳುವುದುಂಟು. ನನ್ನ ಲೆಕ್ಕದಲ್ಲಿ ಈ ಕಾರಣ ಅದಕ್ಕಿಂತ ದೊಡ್ಡದು.

ಇತ್ತೀಚೆಗೆ ಅಗ್ಗದ ಮೂರನೇ ದಾರಿಯೊಂದು ಕಂಡಿದೆ: ಇ-ರಿಕ್ಷಾದ ಹಿಂದಿನ ಆಕ್ಸಲ್. ಮೋಟಾರು, ಡಿಫರೆನ್ಷಿಯಲ್, ಡ್ರಮ್ ಎಲ್ಲ ಒಂದೇ ಸೆಟ್ಟಿನಲ್ಲಿ ಸಿಗುತ್ತದೆ. ಕಾಯಿದೆಯ ಪ್ರಕಾರ ಇ-ರಿಕ್ಷಾದ ಗರಿಷ್ಠ ವೇಗ ಗಂಟೆಗೆ 25 ಕಿ.ಮೀ., ಅದರ ಡ್ರಮ್ಮೂ ಅಷ್ಟಕ್ಕೇ ಮಾಡಿದ್ದು. ವೇಗ 25ರಿಂದ 50ಕ್ಕೆ ಏರಿದರೆ ಬ್ರೇಕು ನುಂಗಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ತೋಟದೊಳಗೆ ಮೇವು, ಗೊಬ್ಬರ ಸಾಗಿಸುವ ಗಾಡಿಗೆ ಈ ಆಕ್ಸಲ್ ಸರಿ. ಅದನ್ನು ಕಾರಿಗೆ ಹಾಕಿ ಹೆದ್ದಾರಿಗೆ ತರುವುದು ಶುದ್ಧ ದಡ್ಡತನ.

ಬ್ರೇಕಿನ ವಿಚಾರದಲ್ಲಿ ಹೊಸಬರು ಮರೆಯುವ ಸಂಗತಿಗಳು ಎರಡಿವೆ. ಮೊದಲನೆಯದು ಬೂಸ್ಟರ್. ಪೆಟ್ರೋಲ್ ಕಾರಿನ ಬ್ರೇಕ್ ಬೂಸ್ಟರ್ ಕೆಲಸ ಮಾಡುವುದು ಎಂಜಿನ್ ಗಾಳಿ ಎಳೆದುಕೊಳ್ಳುವಾಗ ಹುಟ್ಟುವ ನಿರ್ವಾತದಿಂದ. ಎಂಜಿನ್ ಇಳಿಸಿದಿರಿ ಎಂದರೆ ಬೂಸ್ಟರಿನ ಉಸಿರನ್ನೂ ಇಳಿಸಿದ ಹಾಗೆ. ಮೆಕ್ಯಾನಿಕ್ಕುಗಳಿಗೆಲ್ಲ ಗೊತ್ತಿರುವ ಪರೀಕ್ಷೆ: ಎಂಜಿನ್ ಆಫ್ ಮಾಡಿ ನಾಲ್ಕೈದು ಸಲ ಪೆಡಲ್ ಒತ್ತಿದರೆ ಅದು ಕಲ್ಲಾಗುತ್ತದೆ, ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿದರೆ ಪೆಡಲ್ ಮೆತ್ತಗೆ ಒಂದಷ್ಟು ಕೆಳಗಿಳಿಯುತ್ತದೆ. ಬದಲಾಯಿಸಿದ ಕಾರಿನಲ್ಲೂ ಇದೇ ಪರೀಕ್ಷೆ ಪಾಸಾಗಬೇಕು. ಅದಕ್ಕೆ 12 ವೋಲ್ಟಿನ ವ್ಯಾಕ್ಯೂಮ್ ಪಂಪು, ಒಂದು ಸಣ್ಣ ಟ್ಯಾಂಕು, ಒತ್ತಡ ನೋಡಿ ಪಂಪನ್ನು ಹಚ್ಚಿ ಆರಿಸುವ ಸ್ವಿಚ್ಚು, ಗಾಳಿ ಹಿಂದೆ ನುಗ್ಗದಂತೆ ಒಂದು ವಾಲ್ವು ಬೇಕು. ಪಂಪು ಕೆಟ್ಟರೂ ಟ್ಯಾಂಕಿನಲ್ಲಿ ಎರಡು ಮೂರು ಸಲ ಬ್ರೇಕ್ ಒತ್ತುವಷ್ಟು ನಿರ್ವಾತ ಉಳಿದಿರಬೇಕು. 2013ರಿಂದ ಬಾಷ್ ಕಂಪನಿ ನಿರ್ವಾತವೇ ಬೇಡದ, ಮೋಟಾರಿನಿಂದ ಒತ್ತುವ ಐಬೂಸ್ಟರ್ ಮಾಡುತ್ತಿದೆ. ಯುರೋಪಿನಲ್ಲಿ ಕಾರು ಬದಲಾಯಿಸುವವರು ಗುಜರಿಯಿಂದ ಅದನ್ನೇ ತಂದು ಹಾಕಿಕೊಳ್ಳುತ್ತಾರೆ. ನಮ್ಮ ಗುಜರಿಗಳಿಗೆ ಅದಿನ್ನೂ ಧಾರಾಳವಾಗಿ ಬಂದಿಲ್ಲ.

ಎರಡನೆಯದು ತೂಕ. ಲೆಡ್ ಆಸಿಡ್ ಕಾಲದಲ್ಲಿ ಹತ್ತು ಯೂನಿಟ್ ವಿದ್ಯುತ್ ಹಿಡಿಯುವ ಬ್ಯಾಟರಿ ಮುನ್ನೂರು ಕಿಲೋ ಹತ್ತಿರ ತೂಗುತ್ತಿತ್ತು. ಈಗಿನ ಲಿಥಿಯಂ ಐರನ್ ಫಾಸ್ಫೇಟ್ ಪ್ಯಾಕು ಅಷ್ಟಕ್ಕೇ ನೂರು ಕಿಲೋ ಆಸುಪಾಸು. 900 ಕಿಲೋ ಕಾರು 80 ಕಿ.ಮೀ. ವೇಗದಲ್ಲಿದ್ದಾಗ ಬ್ರೇಕು ನುಂಗಬೇಕಾದದ್ದು ಸುಮಾರು 222 ಕಿಲೋಜೂಲ್. 1,100 ಕಿಲೋ ಆದರೆ 272. ಲಿಥಿಯಂ ಬಂದದ್ದರಿಂದ ಓಟ ಹೆಚ್ಚಿತು ಎಂದು ಎಲ್ಲರೂ ಹೊಗಳುತ್ತಾರೆ, ಬ್ರೇಕಿನ ಹೊರೆ ಇಳಿದದ್ದನ್ನು ಹೇಳುವವರಿಲ್ಲ. ಬ್ಯಾಟರಿಯನ್ನು ಎಲ್ಲಿಡುತ್ತೀರಿ ಎಂಬುದೂ ಮುಖ್ಯ. ಎಲ್ಲವನ್ನೂ ಡಿಕ್ಕಿಗೆ ತುಂಬಿದರೆ ಮುಂದಿನ ಗಾಲಿ ಹಗುರಾಗುತ್ತದೆ, ಕಂಪನಿ ಕೂಡಿಸಿದ್ದ ಹಿಂದೆ ಮುಂದಿನ ಬ್ರೇಕಿನ ಹಂಚಿಕೆ ತಪ್ಪುತ್ತದೆ. ಎಂಜಿನ್ ಇದ್ದ ಜಾಗ, ಪೆಟ್ರೋಲ್ ಟ್ಯಾಂಕಿನ ಜಾಗ, ಹಿಂದಿನ ಸೀಟಿನ ಕೆಳಗು, ಹೀಗೆ ಹಂಚಿ, ಆಮೇಲೆ ನಾಲ್ಕೂ ಗಾಲಿಯನ್ನು ಬೇರೆ ಬೇರೆ ತೂಕಕ್ಕಿಟ್ಟು ನೋಡುವುದು ಲೇಸು.

ಮೋಟಾರೇ ಬ್ರೇಕ್ ಹಿಡಿಯುತ್ತದಲ್ಲ, ನಿಧಾನಿಸುವಾಗ ಅದೇ ಜನರೇಟರ್ ಆಗಿ ಬ್ಯಾಟರಿ ತುಂಬುವ ರೀಜನ್ ಇದೆಯಲ್ಲ ಎನ್ನುವವರಿಗೆ ಊಟಿ ರಸ್ತೆ ತೋರಿಸಬೇಕು. ನಂಜನಗೂಡು, ಗುಂಡ್ಲುಪೇಟೆ ದಾಟಿ ಬಂಡೀಪುರದ ಮೇಲೆ ಹೋಗುವ ಅದೇ ದಾರಿ. ಊಟಿಯಲ್ಲಿ ರಾತ್ರಿಯೆಲ್ಲ ಚಾರ್ಜ್ ಮಾಡಿ ಬೆಳಿಗ್ಗೆ ಗೂಡಲೂರಿನ ಕಡೆ ಇಳಿಯುತ್ತೀರಿ ಎನ್ನಿ. ಸಾವಿರ ಕಿಲೋ ಕಾರು ಸಾವಿರ ಮೀಟರ್ ಇಳಿಯುವಾಗ ಬಿಡುಗಡೆಯಾಗುವುದು 2.7 ಯೂನಿಟ್. ಟೈರು, ಗಾಳಿ ಒಂದಿಷ್ಟು ತಿಂದರೂ ಉಳಿದದ್ದು ಎಲ್ಲಿಗಾದರೂ ಹೋಗಬೇಕು. ತುಂಬಿದ ಬ್ಯಾಟರಿ ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬ್ಯಾಟರಿಯ ಕಾವಲು ಸರ್ಕ್ಯೂಟು ರೀಜನ್ ನಿಲ್ಲಿಸುತ್ತದೆ. ಪೆಟ್ರೋಲ್ ಕಾರಾದರೆ ಕೆಳಗಿನ ಗೇರಿನಲ್ಲಿ ಎಂಜಿನ್ನೇ ಹಿಡಿದು ನಿಲ್ಲಿಸುತ್ತದೆ. ಇಲ್ಲಿ ಎಂಜಿನ್ನೂ ಇಲ್ಲ, ರೀಜನ್ನೂ ಇಲ್ಲ, ಎಲ್ಲ ಭಾರ ಲೈನರುಗಳ ಮೇಲೆ. ಬ್ರೇಕ್ ಆಯಿಲ್ ಹಳೆಯದಾಗಿ ನೀರು ಕುಡಿದಿದ್ದರೆ ಕಾವಿಗೆ ಅದು ಕುದಿದು ಗುಳ್ಳೆಯೇಳುತ್ತದೆ, ಪೆಡಲ್ ನೆಲ ಮುಟ್ಟುತ್ತದೆ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಾಯಿಸಿ ಎಂದು ಪುಸ್ತಕದಲ್ಲಿ ಬರೆದಿರುವುದು ಇದಕ್ಕೇ. ಊಟಿಗೆ ಹೋಗುವವರು ಅಲ್ಲಿ ಚಾರ್ಜನ್ನು ನೂರಕ್ಕೆ ಎಂಬತ್ತಕ್ಕೆ ನಿಲ್ಲಿಸಿಕೊಂಡು ಇಳಿಯಲಿ.

ಗೇರಿನಲ್ಲಿ ಹಾಕಿ ಕಾರು ನಿಲ್ಲಿಸುವ ರೂಢಿಯೂ ಇಲ್ಲಿ ಕೈಕೊಡುತ್ತದೆ. ಎಂಜಿನ್ನಿನ ಬಿಗಿತ ಮೋಟಾರಿಗಿಲ್ಲ. ಇಳಿಜಾರಿನಲ್ಲಿ ಅದು ತಿರುಗಿಕೊಂಡು ಜಾರುತ್ತದೆ. ಹ್ಯಾಂಡ್ ಬ್ರೇಕಿನ ಕೇಬಲ್ಲು, ಹಿಂದಿನ ಶೂಗಳು ಹೊಸದಾಗಿರಬೇಕು. ಗಾಲಿಯೊಳಗಿನ ಹಬ್ ಮೋಟಾರ್ ಹಾಕುವವರು ಹಲವೊಮ್ಮೆ ಡ್ರಮ್ಮಿನ ಜಾಗವನ್ನೇ ಮೋಟಾರಿಗೆ ಬಿಟ್ಟುಕೊಟ್ಟು ಹ್ಯಾಂಡ್ ಬ್ರೇಕನ್ನು ಕಳೆದುಕೊಳ್ಳುತ್ತಾರೆ. ರೀಜನ್ ಇದ್ದವರು ಬ್ರೇಕ್ ಲೈಟಿನ ಕಡೆಗೂ ನೋಡಬೇಕು: ವಿಶ್ವಸಂಸ್ಥೆಯ ವಾಹನ ನಿಯಮದ ಪ್ರಕಾರ ರೀಜನ್ನಿನಿಂದಲೇ ಕಾರು ಸೆಕೆಂಡಿಗೆ ಸೆಕೆಂಡಿಗೆ 1.3 ಮೀಟರಿಗಿಂತ ಹೆಚ್ಚು ನಿಧಾನವಾದರೆ ಲೈಟ್ ಹತ್ತಬೇಕು. ತಿ. ನರಸೀಪುರದ ರಸ್ತೆಯಲ್ಲಿ ಹಿಂದೆ ಕಬ್ಬಿನ ಲಾರಿ ಬರುತ್ತಿರುವಾಗ ಈ ನಿಯಮದ ಬೆಲೆ ಗೊತ್ತಾಗುತ್ತದೆ.

ಡ್ರಮ್ಮೋ ಡಿಸ್ಕೋ ಎಂಬ ಹಳೆಯ ಜಗಳವೂ ಒಂದು ಸುತ್ತು ಹೊಡೆದಿದೆ. ಡಿಸ್ಕ್ ಬೇಗ ತಣಿಯುತ್ತದೆ, ನೀರನ್ನು ಬೇಗ ಕೊಡವಿಕೊಳ್ಳುತ್ತದೆ. 2019ರ ಆಗಸ್ಟಿನಲ್ಲಿ ಕಪಿಲಾ ನದಿ ಉಕ್ಕಿ ನಂಜನಗೂಡಿನ ಹತ್ತಿರದ ಮಲ್ಲನಮೂಲೆ ಮಠದ ಬಳಿ ಹೆದ್ದಾರಿ ಮುಳುಗಿದ್ದನ್ನು ಕಂಡವರಿಗೆ, ನೆನೆದ ಡ್ರಮ್ಮು ಹಿಡಿಯಲು ಹಿಂದೆಮುಂದೆ ನೋಡುವುದನ್ನು ವಿವರಿಸಬೇಕಿಲ್ಲ. ಆದರೆ ರೀಜನ್ನೇ ಹೆಚ್ಚು ಕೆಲಸ ಮಾಡುವ ಕಾರಿನಲ್ಲಿ ಹಿಂದಿನ ಡಿಸ್ಕಿಗೆ ಉಜ್ಜಿಸಿಕೊಳ್ಳುವ ಸರದಿಯೇ ಬಾರದೆ ತುಕ್ಕು ಹಿಡಿಯುತ್ತದೆ. ಇದನ್ನು ಕಂಡ ಫೋಕ್ಸ್‌ವ್ಯಾಗನ್ 2020ರ ಐಡಿ.3 ಕಾರಿನ ಹಿಂದಿನ ಗಾಲಿಗಳಿಗೆ ಮತ್ತೆ ಡ್ರಮ್ ಹಾಕಿತು. ಮುಂದೆ ಡಿಸ್ಕ್, ಹಿಂದೆ ಡ್ರಮ್: ಆಲ್ಟೊ, ವ್ಯಾಗನ್-ಆರ್ ಕಾರುಗಳಲ್ಲಿ ಮೊದಲೇ ಇರುವ ವ್ಯವಸ್ಥೆ. ಅದನ್ನು ಕಿತ್ತು ನಾಲ್ಕೂ ಕಡೆ ಡಿಸ್ಕ್ ಹಾಕುವ ಚಪಲ ಬೇಡ. ಆ ದುಡ್ಡಿಗೆ ಹೊಸ ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್, ರಬ್ಬರ್ ಪೈಪುಗಳು ಬರುತ್ತವೆ.

ಕೊನೆಗೆ ಕಾಯಿದೆ. ಮೋಟಾರು ವಾಹನ ಕಾಯಿದೆಯ 52ನೇ ಕಲಮಿನಂತೆ ಕಂಪನಿ ಕೊಟ್ಟ ರೂಪವನ್ನು ಮನಬಂದಂತೆ ಬದಲಾಯಿಸುವ ಹಾಗಿಲ್ಲ. ವಿದ್ಯುತ್ ಕಿಟ್ಟುಗಳಿಗೆ ಎಐಎಸ್-123ರ ಮೂರನೇ ಭಾಗ ಎಂಬ ಮಾನದಂಡವಿದೆ. ಪುಣೆಯ ಎಆರ್‌ಎಐಯಂಥ ಸಂಸ್ಥೆ ಒಪ್ಪಿದ ಕಿಟ್ಟನ್ನು ಅಧಿಕೃತ ಕೇಂದ್ರದಲ್ಲಿ ಕೂಡಿಸಿ, ಆರ್‌ಟಿಒ ಕಚೇರಿಯಲ್ಲಿ ಆರ್‌ಸಿ ಪುಸ್ತಕದ ಇಂಧನದ ಕಲಂ ತಿದ್ದಿಸಬೇಕು. ಹೈದರಾಬಾದಿನ ಇ-ಟ್ರಿಯೊ ಆಲ್ಟೊ, ವ್ಯಾಗನ್-ಆರ್‌ಗಳಿಗೆ ಇಂಥ ಕಿಟ್ ತಂದಿತು. ಬೆಂಗಳೂರಿನ ಆಲ್ಟಿಗ್ರೀನ್ ಶುರುವಾದದ್ದೂ ಹಳೆಯ ವಾಹನಗಳಿಗೆ ಹೈಬ್ರಿಡ್ ಕಿಟ್ ಕೂಡಿಸುವ ಆಲೋಚನೆಯಿಂದಲೇ. ಮುಂದೆ ಅದು ಮೂರು ಗಾಲಿಯ ಸರಕು ವಾಹನಕ್ಕೆ ತಿರುಗಿತು. 2017ರಲ್ಲಿ ವಿದ್ಯುತ್ ವಾಹನ ನೀತಿ ತಂದ ಮೊದಲ ರಾಜ್ಯ ಕರ್ನಾಟಕವಾದರೂ, ಒಬ್ಬೊಬ್ಬನೇ ಕುಳಿತು ಕಟ್ಟುವ ಒಂದೇ ಒಂದು ಕಾರನ್ನು ಒಪ್ಪಿಸಿಕೊಳ್ಳುವ ಸುಲಭ ದಾರಿ ಈ ಚೌಕಟ್ಟಿನಲ್ಲಿಲ್ಲ. ಬ್ರಿಟನ್ನಿನಲ್ಲಿ ಮನೆಯಲ್ಲಿ ಕಟ್ಟಿದ ಒಂಟಿ ವಾಹನವನ್ನೂ ಪರೀಕ್ಷಿಸಿ ಒಪ್ಪಿಗೆ ಕೊಡುವ ಏರ್ಪಾಡಿದೆ, ಬ್ರೇಕ್ ಪರೀಕ್ಷೆ ಅದರ ಒಂದು ಭಾಗ. ನಮ್ಮಲ್ಲೂ ಅಂಥದ್ದೊಂದು ಬರುವವರೆಗೆ ಕೈಯಾರೆ ಕಟ್ಟಿದ ಕಾರಿಗೆ ವಿಮೆಯಿಲ್ಲ, ಹೆದ್ದಾರಿಯಿಲ್ಲ. ಸ್ವಂತ ಜಮೀನಿನ ಬದುವಿನೊಳಗೇ ಅದರ ಓಡಾಟ.