ನಾಲ್ಕು ಮತಗಳ ಲೆಕ್ಕಾಚಾರ

“ಬಿಗ್ ಬಾಸ್‌ನಲ್ಲಿ ಗುಂಪು ಕಟ್ಟಿಕೊಂಡು ಆಡುವುದು ಮೋಸವಲ್ಲವೇ ಮೇಷ್ಟ್ರೇ?” ಎಂದು ಹಳೆಯ ವಿದ್ಯಾರ್ಥಿಯೊಬ್ಬ ಕೇಳಿದ್ದಾನೆ. ಈ ಪ್ರಶ್ನೆಗೂ ಒಂದು ಇತಿಹಾಸವಿದೆ. ಅದನ್ನು ತಿಳಿಯಲು ಬೋರ್ನಿಯೋ ಬಳಿಯ ಪುಲಾವ್ ಟೀಗಾ ದ್ವೀಪಕ್ಕೆ ಹೋಗಬೇಕು.

ಅಲ್ಲಿ ಚಿತ್ರೀಕರಿಸಿದ ‘ಸರ್ವೈವರ್’ ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 2000ದ ಮೇ 31ರಂದು ಆರಂಭವಾಯಿತು. 16 ಸ್ಪರ್ಧಿಗಳು, ಟಾಗಿ ಮತ್ತು ಪಗಾಂಗ್ ಎಂಬ ಎರಡು ಪಂಗಡಗಳು, 39 ದಿನಗಳು, 10 ಲಕ್ಷ ಡಾಲರ್ ಬಹುಮಾನ. ಸ್ಪರ್ಧಿಗಳೇ ಮತ ಹಾಕಿ ಒಬ್ಬೊಬ್ಬರನ್ನಾಗಿ ಹೊರಗಟ್ಟಬೇಕು. ಕೊನೆಗೆ ಉಳಿದ ಇಬ್ಬರಲ್ಲಿ ಗೆದ್ದವರಾರೆಂದು ತೀರ್ಮಾನಿಸುವವರು, ಹಾಗೆ ಹೊರಹೋದವರಲ್ಲಿ ಕಡೆಯ ಏಳು ಮಂದಿ. ಎಂತಹ ನಿಯಮ! ಸೋಲಿಸಲ್ಪಟ್ಟವರೇ ನ್ಯಾಯಾಧೀಶರು.

ಸೋಮಾರಿಯನ್ನೋ ಜಗಳಗಂಟನನ್ನೋ ಕಳುಹಿಸಿದರಾಯಿತು ಎಂದೇ ಹಲವರ ಎಣಿಕೆ. ಷಾನ್ ಕೆನಿಫ್ ಎಂಬ ವೈದ್ಯನಂತೂ ಯಾರ ಮನಸ್ಸನ್ನೂ ನೋಯಿಸಬಾರದೆಂದು ಹೆಸರುಗಳ ಅಕ್ಷರಾನುಕ್ರಮದಲ್ಲಿ ಮತ ಹಾಕತೊಡಗಿದ! ರಿಚರ್ಡ್ ಹ್ಯಾಚ್ ಮಾತ್ರ ಇದು ಗಣಿತವೆಂದು ಕಂಡುಕೊಂಡ. ಸ್ಯೂ ಹಾಕ್, ಕೆಲ್ಲಿ ವಿಗಲ್ಸ್‌ವರ್ತ್, 72ರ ಹರೆಯದ ನಿವೃತ್ತ ನೌಕಾಯೋಧ ರೂಡಿ ಬೋಶ್, ಈ ಮೂವರನ್ನು ಸೇರಿಸಿಕೊಂಡು ಒಕ್ಕೂಟ ಕಟ್ಟಿದ. ಪಗಾಂಗ್‌ನವರಿಗೆ ಮೊದಲೇ ಮಾತಾಡಿಕೊಂಡು ಮತ ಹಾಕುವುದು ಹೇಸಿಗೆಯೆನಿಸಿತ್ತು. ಪಂಗಡಗಳು ಒಂದಾದಾಗ ಇದ್ದವರು ಹತ್ತು ಮಂದಿ. ನಾಲ್ಕು ಮತಗಳು ಎಲ್ಲರ ಮೆಚ್ಚಿನ ಗ್ರೆಚನ್ ಕಾರ್ಡಿಯ ಮೇಲೆ ಬಿದ್ದವು. ಉಳಿದ ಮತಗಳು ಒಂದೊಂದು ಕಡೆಗೆ ಚೆದುರಿದವು. ಆಕೆ ಹೊರಟಳು. ಆಕೆಯ ಹಿಂದೆ ಪಗಾಂಗ್‌ನ ಎಲ್ಲರೂ ಹೊರಟರು. ಅವರ ಸಂಕೋಚವನ್ನು ನಾನು ಗೌರವಿಸುತ್ತೇನೆ. ಆದರೆ ಒಬ್ಬರಿಗೊಬ್ಬರು ಮಾತಾಡದಿರುವುದನ್ನು ಧರ್ಮವೆಂದು ಕರೆಯಲಾರೆ.

ಹೊರಗಿನ ಶತ್ರು ಮುಗಿದೊಡನೆ ಮೈತ್ರಿ ಬಿರುಕು ಬಿಡುತ್ತದೆ. 1945ರ ನಂತರದ ಮಿತ್ರರಾಷ್ಟ್ರಗಳ ಪಾಠ ನಿಮಗೆ ನೆನಪಿರಬಹುದು. ನಾಲ್ವರೇ ಉಳಿದಾಗ ಹ್ಯಾಚ್ ಮತ್ತು ಸ್ಯೂ ನಡುವೆ 2-2 ಸಮವಾಯಿತು. ಮರುಮತದಾನದಲ್ಲಿ ಕೆಲ್ಲಿ ಬದಿ ಬದಲಿಸಿ ಗೆಳತಿ ಸ್ಯೂಳನ್ನೇ ಹೊರಗಟ್ಟಿದಳು.

ಕಡೆಯ ಪಂದ್ಯದಲ್ಲಿ ಮೂವರೂ ಒಂದು ಕಂಬದಿಂದ ಕೈ ತೆಗೆಯದೆ ನಿಲ್ಲಬೇಕಿತ್ತು. ಗೆದ್ದವರು ಉಳಿದಿಬ್ಬರಲ್ಲಿ ಒಬ್ಬರನ್ನು ಕಳುಹಿಸುತ್ತಾರೆ. ಹ್ಯಾಚ್ ತಾನಾಗಿಯೇ ಕೈ ತೆಗೆದ! ರೂಡಿಯೊಡನೆ ಅಂತಿಮಕ್ಕೆ ಹೋದರೆ ಜನಪ್ರಿಯನಾದ ರೂಡಿಯೇ ಗೆಲ್ಲುವನು. ತಾನೇ ರೂಡಿಯನ್ನು ಕಳುಹಿಸಿದರೆ ಆತನ ಮತವೂ ಕೈಬಿಡುವುದು. ಆ ಪಾಪ ಕೆಲ್ಲಿಯ ತಲೆಗಿರಲಿ ಎಂಬುದು ಆತನ ಲೆಕ್ಕ. ಕೆಲ್ಲಿ ಗೆದ್ದಳು, ರೂಡಿಯನ್ನು ಕಳುಹಿಸಿದಳು.

ತೀರ್ಪಿನ ದಿನ ಸ್ಯೂ ಹ್ಯಾಚ್‌ನನ್ನು ಹಾವಿಗೂ ಕೆಲ್ಲಿಯನ್ನು ಇಲಿಗೂ ಹೋಲಿಸಿ, ಹಾವಿಗೇ ಮತ ಕೊಟ್ಟಳು. ಬಹಿರಂಗವಾಗಿ ತಂತ್ರ ಹೂಡಿದವನನ್ನು ಆಕೆ ಸಹಿಸಿದಳು, ಗೆಳತಿಯಾಗಿದ್ದು ಕೈಬಿಟ್ಟವಳನ್ನು ಸಹಿಸಲಿಲ್ಲ. ರೂಡಿ, ಷಾನ್ ಇಬ್ಬರ ಮತವೂ ಹ್ಯಾಚ್‌ಗೇ ಬಿದ್ದಿತು. ಪಗಾಂಗ್‌ನ ಮೂವರು ಕೆಲ್ಲಿಯ ಕಡೆ ನಿಂತರು. ಉಳಿದವನು ಪಗಾಂಗ್‌ನವನೇ ಆದ ಗ್ರೆಗ್. ಆತ ಇಬ್ಬರಿಗೂ 1ರಿಂದ 10ರೊಳಗಿನ ಒಂದು ಅಂಕೆ ಹೇಳಿರೆಂದ. ಕೆಲ್ಲಿ 3 ಎಂದಳು, ಹ್ಯಾಚ್ 7 ಎಂದ. ಗ್ರೆಗ್ ಮನಸ್ಸಿನಲ್ಲಿಟ್ಟುಕೊಂಡದ್ದು 9. ಹ್ಯಾಚ್ 4-3ರಿಂದ ಗೆದ್ದ.